14 ವರ್ಷ ನಿಂತ ಅಂಬಾಸಿಡರ್: ಕಂಪ್ರೆಷನ್ ಇಲ್ಲ ಅಂದ ತಕ್ಷಣ ರೀಬೋರ್ ಬೇಡ

ಪ್ರಶ್ನೆ: ನಮ್ಮದು ಮಡಿಕೇರಿ ಹತ್ತಿರದ ಕಾಫಿ ತೋಟ. ಅಜ್ಜನ 1978ರ ಅಂಬಾಸಿಡರ್ ಮಾರ್ಕ್ 3, ಪೆಟ್ರೋಲ್ ಗಾಡಿ, 2011ರಿಂದ ಕಣದ ಪಕ್ಕದ ಶೆಡ್ಡಿನಲ್ಲೇ ನಿಂತಿದೆ. ಈಗ ಮತ್ತೆ ಓಡಿಸುವ ಆಸೆ. ಎಂಜಿನ್ ಜಾಮ್ ಆಗಿಲ್ಲ, ಹ್ಯಾಂಡಲ್ ಹಾಕಿದರೆ ತಿರುಗುತ್ತದೆ. ಆದರೆ ಸ್ಟಾರ್ಟ್ ಆಗುತ್ತಿಲ್ಲ. ಮೆಕ್ಯಾನಿಕ್ ಬಂದು ನಮ್ಮ ಜೀಪಿನ ಬ್ಯಾಟರಿ ಹಾಕಿ, ಒಂದೊಂದೇ ಪ್ಲಗ್ ಬಿಚ್ಚಿ ಕಂಪ್ರೆಷನ್ ಮೀಟರ್ (ಪಿಸ್ಟನ್ ಒತ್ತಿದಾಗ ಸಿಲಿಂಡರ್ ಒಳಗೆ ಎಷ್ಟು ಒತ್ತಡ ಏರುತ್ತದೆ ಅಂತ ತೋರಿಸುವ ಮೀಟರ್) ಇಟ್ಟು ನೋಡಿದರು. ರೇಡಿಯೇಟರ್ ಕಡೆಯಿಂದ ಎಣಿಸಿದರೆ 1ನೇ ಸಿಲಿಂಡರ್ 55, 2ನೇದು 88, 3ನೇದು 10, 4ನೇದು 92 ಪಿಎಸ್‌ಐ. ಪ್ಲಗ್ ತೂತಿನಿಂದ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದಾಗ 1ನೇದು 85ಕ್ಕೆ ಏರಿತು. 3ನೇದು 10ರಲ್ಲೇ ಉಳಿಯಿತು. ಉಳಿದೆರಡು ಏಳೆಂಟು ಪಿಎಸ್‌ಐ ಏರಿದವು. ಎಂಜಿನ್ ಪೂರ್ತಿ ಬಿಚ್ಚಿ ರೀಬೋರ್ (ಸಿಲಿಂಡರಿನ ಒಳಗೋಡೆ ಕೊರೆದು ದೊಡ್ಡದು ಮಾಡಿ ದೊಡ್ಡ ಪಿಸ್ಟನ್ ಹಾಕುವುದು) ಮಾಡಿಸಲೇಬೇಕು ಅಂತ ಹೇಳಿದ್ದಾರೆ. ನಿಜವಾಗಿಯೂ ಬೇಕಾ?

ಉತ್ತರ: ಈಗಲೇ ಬೇಡ. ನೀವು ಕಳಿಸಿದ ರೀಡಿಂಗ್ ನೋಡಿ ರೀಬೋರ್ ಅಂತ ತೀರ್ಮಾನ ಮಾಡಲು ಆಗುವುದಿಲ್ಲ. ಸೋರಿಕೆ ಇದೆ ಅನ್ನುವುದು ನಿಜ. ಆದರೆ ಗಾಳಿ ಎಲ್ಲಿಂದ ಸೋರುತ್ತಿದೆ ಅಂತ ಯಾರೂ ಇನ್ನೂ ನೋಡಿಲ್ಲ. ಅದು ಗೊತ್ತಾಗುವವರೆಗೆ ಎಂಜಿನ್ ಕೆಳಗಿಳಿಸಬೇಡಿ. ನನ್ನ ಅಂದಾಜಿನಲ್ಲಿ ನಿಮ್ಮ ಗಾಡಿಯ ದೊಡ್ಡ ತೊಂದರೆ ಒಂದೇ ಒಂದು ವಾಲ್ವಿನದ್ದು. ವಾಲ್ವ್ ಅಂದರೆ ಸಿಲಿಂಡರಿನ ಬಾಗಿಲು: ಗಾಳಿ ಒಳಗೆ ಬಿಡುವುದು ಇನ್‌ಲೆಟ್, ಹೊಗೆ ಹೊರಗೆ ಬಿಡುವುದು ಎಕ್ಸಾಸ್ಟ್. ಯಾಕೆ ಹಾಗೆ ಅನಿಸುತ್ತದೆ, ಅದನ್ನು ಖಚಿತ ಮಾಡಿಕೊಳ್ಳುವುದು ಹೇಗೆ ಅಂತ ವಿವರವಾಗಿ ಬರೆಯುತ್ತೇನೆ.

ಮೊದಲು ಮಡಿಕೇರಿಯ ಎತ್ತರದ ಮಾತು. ಇದನ್ನು ನಮ್ಮ ಕಡೆ ಬಹಳ ಜನ ಮರೆತುಬಿಡುತ್ತಾರೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕರಾವಳಿಯ ಒತ್ತಡದ ಶೇ. 87ರಷ್ಟು ಮಾತ್ರ. ಸಿಲಿಂಡರ್ ಒಳಗೆ ಹೋಗುವ ಗಾಳಿಯೇ ತೆಳು, ಹಾಗಾಗಿ ಮೀಟರಿನ ಮುಳ್ಳೂ ಅಷ್ಟೇ ಕಡಿಮೆ ತೋರಿಸುತ್ತದೆ. ನಿಮ್ಮದು ಹಳೆಯ 1489 ಸಿಸಿ ಎಂಜಿನ್. ಅದರ ಕಂಪ್ರೆಷನ್ ಅನುಪಾತವೇ (ಒಳಗಿನ ಗಾಳಿ ಎಷ್ಟು ಪಟ್ಟು ಕುಗ್ಗುತ್ತದೆ ಅನ್ನುವ ಲೆಕ್ಕ) ಕಡಿಮೆ, 7ಕ್ಕೆ 1ರ ಆಸುಪಾಸು. ಈಗಿನ ಕಾರುಗಳಲ್ಲಿ ಬರುವ 170, 180 ಇದರಲ್ಲಿ ಯಾವತ್ತೂ ಬಂದಿಲ್ಲ. ಒಳ್ಳೆ ಸ್ಥಿತಿಯಲ್ಲಿರುವ ಇಂಥ ಎಂಜಿನ್ ಮಂಗಳೂರಿನಲ್ಲಿ 120ರಿಂದ 130 ತೋರಿಸಬಹುದು. ಅದೇ ಎಂಜಿನ್, ಅದೇ ಮೀಟರ್ ಮಡಿಕೇರಿಗೆ ತಂದರೆ 105ರಿಂದ 113. ಹಾಗಾದರೆ ನಿಮ್ಮ 88 ಮತ್ತು 92 ಅಷ್ಟೇನೂ ಕೆಟ್ಟದ್ದಲ್ಲ. ಎಂಜಿನ್ ತಣ್ಣಗಿತ್ತು, 14 ವರ್ಷ ನಿಂತಿತ್ತು ಅನ್ನುವುದನ್ನೂ ಸೇರಿಸಿಕೊಂಡರೆ 2 ಮತ್ತು 4ನೇ ಸಿಲಿಂಡರ್ ಬಗ್ಗೆ ನನಗೆ ಚಿಂತೆ ಇಲ್ಲ.

ಎರಡನೆಯದು, ಟೆಸ್ಟ್ ಮಾಡಿದ ರೀತಿ. ಒಂದೊಂದೇ ಪ್ಲಗ್ ಬಿಚ್ಚಿದರೆ ಉಳಿದ ಮೂರು ಸಿಲಿಂಡರ್ ಸೆಲ್ಫ್ ಮೋಟರನ್ನು ತಡೆಯುತ್ತಿರುತ್ತವೆ. ಎಂಜಿನ್ ನಿಧಾನಕ್ಕೆ ತಿರುಗುತ್ತದೆ. ನಿಧಾನಕ್ಕೆ ತಿರುಗಿದಷ್ಟೂ ಸಣ್ಣ ಸೋರಿಕೆ ದೊಡ್ಡದಾಗಿ ಕಾಣುತ್ತದೆ, ಯಾಕೆಂದರೆ ಗಾಳಿಗೆ ಜಾರಿಕೊಳ್ಳಲು ಜಾಸ್ತಿ ಸಮಯ ಸಿಗುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿದು ಹಿಡಿದಿದ್ದರಾ ಅಂತಲೂ ನೀವು ಬರೆದಿಲ್ಲ. ಹಿಡಿಯದಿದ್ದರೆ ಕಾರ್ಬುರೇಟರಿನ ಬಟರ್‌ಫ್ಲೈ ಮುಚ್ಚಿಕೊಂಡೇ ಇರುತ್ತದೆ, ಸಿಲಿಂಡರಿಗೆ ಗಾಳಿಯೇ ತುಂಬುವುದಿಲ್ಲ. ಇಲಿ ಏರ್ ಕ್ಲೀನರಿನಲ್ಲಿ ಗೂಡು ಕಟ್ಟಿದ್ದರೂ ಇದೇ ಕಥೆ. ತೋಟದ ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಿ ಇದನ್ನು ನೋಡಲೇಬೇಕು. ಏರ್ ಕ್ಲೀನರ್ ಬಿಚ್ಚಿ ಪಕ್ಕಕ್ಕಿಡಿ, ಕಾರ್ಬುರೇಟರ್ ಬಾಯಲ್ಲಿ ಟಾರ್ಚ್ ಬಿಟ್ಟು ನೋಡಿ. ಹಾಗೇ ಸೈಲೆನ್ಸರಿನ ತುದಿಯನ್ನೂ ನೋಡಿ. ಕಣಜ ಮಣ್ಣಿನ ಗೂಡು ಕಟ್ಟಿರುವುದು ಅಪರೂಪವಲ್ಲ.

ಹಾಗಾಗಿ ಟೆಸ್ಟ್ ಮತ್ತೊಮ್ಮೆ ಮಾಡಿ. ಅದಕ್ಕೂ ಮೊದಲು ಹಳೆ ಆಯಿಲ್ ಇಳಿಸಿ ಹೊಸದು ಹಾಕಿ. 14 ವರ್ಷದ ಆಯಿಲ್‌ನಲ್ಲಿ ನೀರಿನ ಅಂಶ ಸೇರಿರುತ್ತದೆ, ಅದರಲ್ಲಿ ಬೇರಿಂಗ್ ತಿರುಗಿಸುವುದು ಬೇಡ. ಟ್ಯಾಂಕಿನಲ್ಲಿರುವ ಹಳೆ ಪೆಟ್ರೋಲನ್ನೂ ಪೂರ್ತಿ ತೆಗೆಯಿರಿ. ಅದು ಅಂಟಾಗಿರುತ್ತದೆ. ಆ ಅಂಟು ವಾಲ್ವಿನ ಕಡ್ಡಿಗೆ ಹತ್ತಿಕೊಂಡರೆ ಈಗ ಚೆನ್ನಾಗಿರುವ ವಾಲ್ವೂ ನಾಳೆ ಸಿಕ್ಕಿಹಾಕಿಕೊಳ್ಳುತ್ತದೆ.

ಪೂರ್ತಿ ಚಾರ್ಜ್ ಆದ ಒಳ್ಳೆ ಬ್ಯಾಟರಿ ಹಾಕಿ. ನಾಲ್ಕೂ ಪ್ಲಗ್ ಬಿಚ್ಚಿಡಿ. ಯಾವ ಪ್ಲಗ್ ಯಾವ ಸಿಲಿಂಡರಿನದ್ದು ಅಂತ ಗುರುತು ಇರಲಿ, ಅವುಗಳ ಬಣ್ಣ ಮುಂದೆ ಕೆಲಸಕ್ಕೆ ಬರುತ್ತದೆ. ಕಾಯಿಲ್‌ಗೆ ಹೋಗುವ ಸಣ್ಣ ವೈರ್ ಕಳಚಿ. ಗೇರ್ ನ್ಯೂಟ್ರಲ್. ಚೋಕ್ ಪೂರ್ತಿ ಒಳಗೆ. ಒಬ್ಬರು ಒಳಗೆ ಕೂತು ಆಕ್ಸಿಲರೇಟರ್ ತಳಕ್ಕೆ ತುಳಿದು ಹಿಡಿಯಲಿ. ಮೀಟರ್ ಕೈಯಲ್ಲಿ ಒತ್ತಿ ಹಿಡಿಯುವ ರಬ್ಬರ್ ತುದಿಯದ್ದಾದರೆ ಅಕ್ಕಪಕ್ಕ ಸೋರುತ್ತದೆ. ಪ್ಲಗ್ ಜಾಗಕ್ಕೆ ತಿರುಪಿ ಕೂರಿಸುವಂಥದ್ದು ಸಿಕ್ಕರೆ ಅದನ್ನೇ ಬಳಸಿ. ಪ್ರತಿ ಸಿಲಿಂಡರಿಗೂ ಮುಳ್ಳು ಐದಾರು ಸಲ ಏರುವವರೆಗೆ ಸೆಲ್ಫ್ ಹೊಡೆಯಿರಿ. ನಾಲ್ಕಕ್ಕೂ ಒಂದೇ ಲೆಕ್ಕ ಇರಲಿ.

ಇಲ್ಲಿ ಮೀಟರಿನ ಕೊನೆಯ ನಂಬರ್ ಮಾತ್ರ ಬರೆದುಕೊಳ್ಳಬೇಡಿ. ಮೊದಲ ಏಟಿಗೆ ಮುಳ್ಳು ಎಲ್ಲಿಗೆ ಹೋಯಿತು ಅನ್ನುವುದನ್ನೂ ಬರೆಯಿರಿ. ಸರಿಯಾಗಿರುವ ಸಿಲಿಂಡರಿನಲ್ಲಿ ಮುಳ್ಳು ಮೊದಲ ಏಟಿಗೇ ಅರ್ಧಕ್ಕಿಂತ ಮೇಲೆ ಹಾರುತ್ತದೆ, ಆಮೇಲೆ ಬೇಗ ಪೂರ್ತಿ ಏರುತ್ತದೆ. ರಿಂಗ್ (ಪಿಸ್ಟನ್ ಸುತ್ತ ಗಾಳಿ ಸೋರದಂತೆ ತಡೆಯುವ ಬಳೆ) ಸಡಿಲ ಇದ್ದರೆ ಮೊದಲ ಏಟಿಗೆ ಸ್ವಲ್ಪ, ಎರಡನೆಯದಕ್ಕೆ ಇನ್ನಷ್ಟು, ಹೀಗೆ ಹಂತಹಂತವಾಗಿ ಏರುತ್ತದೆ. ವಾಲ್ವ್ ಸೋರುತ್ತಿದ್ದರೆ ಮೊದಲ ಏಟಿಗೆ ಎಷ್ಟು ಬಂತೋ ಹೆಚ್ಚುಕಡಿಮೆ ಅಲ್ಲೇ ನಿಂತುಬಿಡುತ್ತದೆ. ಇದಕ್ಕೆ ಖರ್ಚು ಏನೂ ಇಲ್ಲ, ಕಣ್ಣಿಟ್ಟು ನೋಡಿದರೆ ಸಾಕು.

ಆಮೇಲೆ ಆಯಿಲ್ ಹಾಕಿ ಮಾಡುವ ಟೆಸ್ಟ್. ನಿಮ್ಮ ಮೆಕ್ಯಾನಿಕ್ ಅದನ್ನು ಮಾಡಿದ್ದು ಒಳ್ಳೆಯದಾಯಿತು. ಆಯಿಲ್ ರಿಂಗಿನ ಸುತ್ತ ಹರಡಿ ಸಂದುಗಳನ್ನು ಮುಚ್ಚುತ್ತದೆ, ವಾಲ್ವಿಗೆ ಅದರಿಂದ ಏನೂ ಆಗುವುದಿಲ್ಲ. ಹಾಗಾಗಿ ಆಯಿಲ್ ಹಾಕಿದಾಗ ನಂಬರ್ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ (ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡಿನ ಕೆಳಗೆ ಸೋರದಂತೆ ಇಡುವ ಹಾಳೆ) ಅಂತ ಲೆಕ್ಕ. ಆದರೆ ಅಳತೆ ಮುಖ್ಯ. ನಿಮ್ಮ ಎಂಜಿನ್ನಿನ ಒಂದು ಸಿಲಿಂಡರ್ ಸುಮಾರು 372 ಸಿಸಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 60 ಸಿಸಿ ಆಸುಪಾಸು. ಅದರಲ್ಲಿ 5 ಎಂಎಲ್, ಅಂದರೆ ಒಂದು ಟೀ ಚಮಚ ಆಯಿಲ್ ಬಿಟ್ಟರೆ ಜಾಗ ಸ್ವಲ್ಪ ಕಡಿಮೆಯಾಗಿ ಒಳ್ಳೆ ಸಿಲಿಂಡರೂ ಏಳೆಂಟು ಪಿಎಸ್‌ಐ ಏರುತ್ತದೆ. ನಿಮ್ಮ 2 ಮತ್ತು 4 ಏರಿದ್ದು ಅಷ್ಟೇ. ಅದು ರಿಂಗಿನ ದೋಷ ಅಲ್ಲ. ಕ್ಯಾನಿನಿಂದ ಅಂದಾಜಿಗೆ 15 ಎಂಎಲ್ ಸುರಿದುಬಿಟ್ಟರೆ 7ರ ಅನುಪಾತ 9 ದಾಟುತ್ತದೆ, ಎಲ್ಲಾ ಸಿಲಿಂಡರೂ ಸುಳ್ಳು ಹೇಳುತ್ತವೆ. ಮೆಡಿಕಲ್ ಶಾಪಿನ 5 ಎಂಎಲ್ ಸಿರಿಂಜ್ ಬಳಸಿ. 1ನೇದು 55ರಿಂದ 85ಕ್ಕೆ, ಅಂದರೆ 30 ಪಿಎಸ್‌ಐ ಏರಿದೆ. ಇದು ಜಾಗ ಕಡಿಮೆಯಾದದ್ದರಿಂದ ಬಂದ ಏರಿಕೆ ಅಲ್ಲ. ಅಲ್ಲಿ ರಿಂಗ್ ಕಡೆಯಿಂದಲೇ ಸೋರಿಕೆ ಇದೆ. 3ನೇದು ಅಲ್ಲಾಡಲೇ ಇಲ್ಲ. ಅದು ವಾಲ್ವ್.

ಈಗ ನಿಮ್ಮ ನಾಲ್ಕು ನಂಬರುಗಳನ್ನು ಒಟ್ಟಿಗೆ ನೋಡಿ. ಇದರಲ್ಲಿ ನನಗೆ ಬಹಳ ಆಸಕ್ತಿ ಹುಟ್ಟಿಸಿದ ವಿಷಯ ಒಂದಿದೆ.

ನಾಲ್ಕು ಸಿಲಿಂಡರ್ ಎಂಜಿನ್ ಆಫ್ ಮಾಡಿದಾಗ ಅದು ಸಾಮಾನ್ಯವಾಗಿ ಪಿಸ್ಟನ್‌ಗಳು ಅರ್ಧ ದಾರಿಯಲ್ಲಿರುವಂತೆ ನಿಲ್ಲುತ್ತದೆ. ಒಂದು ಸಿಲಿಂಡರಿನ ಕಂಪ್ರೆಷನ್ ಅದನ್ನು ಮುಂದೆ ಹೋಗಲು ಬಿಡುವುದಿಲ್ಲ. ಹಾಗೆ ನಿಂತಾಗ ಎರಡು ಸಿಲಿಂಡರಿನಲ್ಲಿ ವಾಲ್ವ್‌ಗಳು ಮುಚ್ಚಿರುತ್ತವೆ. ಉಳಿದೆರಡರಲ್ಲಿ ಒಂದರ ಎಕ್ಸಾಸ್ಟ್ ವಾಲ್ವ್ ತೆರೆದಿರುತ್ತದೆ, ಇನ್ನೊಂದರ ಇನ್‌ಲೆಟ್ ತೆರೆದಿರುತ್ತದೆ. ಅಂಬಾಸಿಡರಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಲ್ಲಿ ಕಿಡಿ ಹತ್ತುವ ಕ್ರಮ, 1-3-4-2. ಈ ಲೆಕ್ಕದಲ್ಲಿ 3ನೇ ಸಿಲಿಂಡರಿನ ಎಕ್ಸಾಸ್ಟ್ ತೆರೆದಿದ್ದರೆ, ಇನ್‌ಲೆಟ್ ತೆರೆದಿರುವುದು 1ನೇದರಲ್ಲಿ. 2 ಮತ್ತು 4 ಮುಚ್ಚಿರುತ್ತವೆ. ನಿಮ್ಮ ರೀಡಿಂಗಿನಲ್ಲಿ ಕೆಟ್ಟಿರುವುದು ಯಾವುವು? 3 ಮತ್ತು 1. ಚೆನ್ನಾಗಿರುವುದು 2 ಮತ್ತು 4. ಇದು ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ.

2011ರಲ್ಲಿ ಅಜ್ಜ ಕೊನೆಯ ಸಲ ಕೀ ತಿರುಗಿಸಿದಾಗ ಎಂಜಿನ್ ಬಹುಶಃ ಈ ಸ್ಥಿತಿಯಲ್ಲಿ ನಿಂತಿದೆ. ಅಲ್ಲಿಂದ 3ನೇ ಸಿಲಿಂಡರಿಗೆ ಸೈಲೆನ್ಸರಿನ ಮೂಲಕ ಹೊರಗಿನ ಗಾಳಿಗೆ ನೇರ ದಾರಿ. ನಮ್ಮ ಕಡೆಯ ಮಳೆ ಗೊತ್ತಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಒಣಗುವುದಿಲ್ಲ. ಹಗಲು ಕಬ್ಬಿಣ ಸ್ವಲ್ಪ ಬಿಸಿಯಾಗಿ ಒಳಗಿನ ಗಾಳಿ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಮಂಜಿನ ಗಾಳಿ ಒಳಗೆ ಬರುತ್ತದೆ, ತಣ್ಣನೆಯ ಕಬ್ಬಿಣದ ಮೇಲೆ ನೀರಾಗಿ ಕೂರುತ್ತದೆ. ಈ ಎಂಜಿನ್ನಿನ ಹೆಡ್ ಎರಕದ ಕಬ್ಬಿಣದ್ದು. ವಾಲ್ವ್ ಕೂರುವ ಸೀಟನ್ನು ಅದೇ ಕಬ್ಬಿಣದಲ್ಲಿ ನೇರವಾಗಿ ಕೊರೆದಿರುತ್ತಾರೆ. ತೆರೆದ ವಾಲ್ವಿನ ಸೀಟ್ ಅಷ್ಟು ಮಳೆಗಾಲ ತೇವದಲ್ಲಿ ಕೂತರೆ ತುಕ್ಕು ಹಿಡಿಯದೆ ಇರುತ್ತದಾ? 1ನೇದಕ್ಕೆ ಗಾಳಿ ಬಂದದ್ದು ಏರ್ ಕ್ಲೀನರ್, ಕಾರ್ಬುರೇಟರ್ ದಾಟಿಕೊಂಡು. ದಾರಿ ಬಳಸು, ಹಾಗಾಗಿ ತೇವ ಸ್ವಲ್ಪ ಕಡಿಮೆ. ಆದರೂ ಪಿಸ್ಟನ್ ಅರ್ಧ ಕೆಳಗಿದ್ದದ್ದರಿಂದ ಮೇಲಿನ ಅರ್ಧ ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಭಾಗ) ತೆರೆದೇ ಇತ್ತು, ರಿಂಗಿಗೂ ತೇವ ತಗುಲಿದೆ.

ಇದೇ ಕಾರಣಕ್ಕೆ ನಾನು ರೀಬೋರ್ ಮಾತಿಗೆ ಒಪ್ಪುತ್ತಿಲ್ಲ. ಓಡಿ ಓಡಿ ಸವೆದ ಎಂಜಿನ್ನಿನಲ್ಲಿ ನಾಲ್ಕೂ ಸಿಲಿಂಡರ್ ಹೆಚ್ಚುಕಡಿಮೆ ಒಟ್ಟಿಗೆ ಇಳಿಯುತ್ತವೆ. ನಿಮ್ಮದರಲ್ಲಿ ಎರಡು ಚೆನ್ನಾಗಿವೆ, ಎರಡು ಕೆಟ್ಟಿವೆ. ಇದು ನಿಂತದ್ದರಿಂದ ಆದ ಹಾನಿ. ಗ್ಯಾಸ್ಕೆಟ್ ಮೇಲೂ ನನಗೆ ದೊಡ್ಡ ಅನುಮಾನ ಇಲ್ಲ. ಎರಡು ಸಿಲಿಂಡರಿನ ನಡುವೆ ಗ್ಯಾಸ್ಕೆಟ್ ಹೋದರೆ ಅಕ್ಕಪಕ್ಕದ ಎರಡೂ ಒಟ್ಟಿಗೆ ಬೀಳುತ್ತವೆ. 3ರ ಎರಡೂ ಪಕ್ಕದವರು ಗಟ್ಟಿಯಾಗಿದ್ದಾರೆ.

ಮುಂದಿನ ಕೆಲಸ ವಾಲ್ವ್ ಕವರ್ ತೆಗೆಯುವುದು. ಎರಡೇ ನಟ್. ಒಳಗೆ ಎಂಟು ರಾಕರ್ (ವಾಲ್ವನ್ನು ಒತ್ತಿ ತೆರೆಯುವ ಸನ್ನೆ) ಸಾಲಾಗಿ ಕಾಣುತ್ತವೆ. ರೇಡಿಯೇಟರ್ ಕಡೆಯಿಂದ ಕ್ರಮ ಹೀಗೆ: ಎಕ್ಸಾಸ್ಟ್, ಇನ್‌ಲೆಟ್, ಇನ್‌ಲೆಟ್, ಎಕ್ಸಾಸ್ಟ್, ಮತ್ತೆ ಎಕ್ಸಾಸ್ಟ್, ಇನ್‌ಲೆಟ್, ಇನ್‌ಲೆಟ್, ಎಕ್ಸಾಸ್ಟ್. ನಿಮಗೆ ಬೇಕಾದದ್ದು 5ನೇ ವಾಲ್ವ್, ಅಂದರೆ 3ನೇ ಸಿಲಿಂಡರಿನ ಎಕ್ಸಾಸ್ಟ್. ಪ್ಲಗ್ ಬಿಚ್ಚಿದ್ದಾಗಲೇ ಹ್ಯಾಂಡಲ್ ಹಾಕಿ ನಿಧಾನಕ್ಕೆ ತಿರುಗಿಸಿ. ಕಾಯಿಲ್ ವೈರ್ ಕಳಚಿಯೇ ಇರಲಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಡಿ, ಸುತ್ತ ಬಳಸಿ ಹಿಡಿಯಬೇಡಿ. ಒದ್ದರೆ ಹೆಬ್ಬೆರಳು ಮುರಿಯುತ್ತದೆ.

ಒಬ್ಬರು ತಿರುಗಿಸಲಿ, ಇನ್ನೊಬ್ಬರು ನೋಡಲಿ. ಎಂಟೂ ವಾಲ್ವ್ ಒಂದೇ ಸಮ ಇಳಿದು ಒಂದೇ ಸಮ ಮೇಲೆ ಬರಬೇಕು. ಯಾವುದಾದರೂ ಇಳಿದದ್ದು ಪೂರ್ತಿ ಮೇಲೆ ಬರುತ್ತಿಲ್ಲವಾ? ಪುಷ್‌ರಾಡ್ (ರಾಕರನ್ನು ಕೆಳಗಿನಿಂದ ತಳ್ಳುವ ಕಡ್ಡಿ) ಬಾಗಿದೆಯಾ, ಜಾಗ ಬಿಟ್ಟು ಪಕ್ಕಕ್ಕೆ ಬಿದ್ದಿದೆಯಾ? ಯಾವುದಾದರೂ ಉಳಿದವುಗಳಿಗಿಂತ ಕಡಿಮೆ ಇಳಿಯುತ್ತಿದೆಯಾ? ಹಾಗಿದ್ದರೆ ಪುಷ್‌ರಾಡನ್ನು ಎತ್ತುವ ಕ್ಯಾಮ್ ಸವೆದಿರಬಹುದು. ಇದನ್ನೆಲ್ಲ ಹ್ಯಾಂಡಲ್‌ನಲ್ಲೇ ಮಾಡಿ, ಸೆಲ್ಫ್ ಹೊಡೆಯಬೇಡಿ. ಸಿಕ್ಕಿಕೊಂಡ ವಾಲ್ವಿನ ಮೇಲೆ ಸೆಲ್ಫ್ ಹೊಡೆದರೆ ಚೆನ್ನಾಗಿದ್ದ ಪುಷ್‌ರಾಡೂ ಬಾಗುತ್ತದೆ.

ಈಗ 5ನೇ ವಾಲ್ವಿನ ಟ್ಯಾಪೆಟ್ ಗ್ಯಾಪ್, ಅಂದರೆ ರಾಕರಿಗೂ ವಾಲ್ವ್ ಕಡ್ಡಿಯ ತುದಿಗೂ ನಡುವಿನ ಸಂದು. 4ನೇ ವಾಲ್ವ್ ಪೂರ್ತಿ ಕೆಳಗೆ ಇಳಿದಿರುವಾಗ 5ನೇದನ್ನು ಅಳೆಯಬೇಕು. ಎಲ್ಲಕ್ಕೂ ಲೆಕ್ಕ ಇದೇ: ತೆರೆದಿರುವುದರ ಸಂಖ್ಯೆ ಮತ್ತು ಅಳೆಯುವುದರ ಸಂಖ್ಯೆ ಕೂಡಿದರೆ 9 ಬರಬೇಕು. 1 ಅಳೆಯುವಾಗ 8 ತೆರೆದಿರಬೇಕು, 3 ಅಳೆಯುವಾಗ 6. ಈ ಎಂಜಿನ್ನಿಗೆ ಬಿಸಿಯಿದ್ದಾಗ 15 ಥೌ, ಅಂದರೆ 0.38 ಮಿಮೀ ಗ್ಯಾಪ್. ಅಳೆದಾಗ ಏನು ಸಿಗುತ್ತದೆ ಅನ್ನುವುದರಲ್ಲೇ ಉತ್ತರ ಇದೆ. ಗ್ಯಾಪ್ ಸೊನ್ನೆ ಇದ್ದರೆ ರಾಕರೇ ವಾಲ್ವನ್ನು ಪೂರ್ತಿ ಮುಚ್ಚಲು ಬಿಡುತ್ತಿಲ್ಲ. ಸೀಟ್ ತಿಂದುಹೋಗಿ ವಾಲ್ವ್ ಮೇಲಕ್ಕೆ ಸರಿದಾಗ ಹೀಗಾಗುತ್ತದೆ. ನಮ್ಮ ದೇಶದಲ್ಲಿ 2000ದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಆ ಸೀಸ ಇಂಥ ಹಳೆ ಸೀಟುಗಳನ್ನು ಕಾಪಾಡುತ್ತಿತ್ತು. ಅಜ್ಜ ಆಮೇಲೂ 11 ವರ್ಷ ಓಡಿಸಿದ್ದಾರೆ, ಹಾಗಾಗಿ ಇದು ಸಾಧ್ಯ. ಹಾಗಿದ್ದರೆ ಒಂದು ಸ್ಕ್ರೂಡ್ರೈವರ್, ಒಂದು ಸ್ಪ್ಯಾನರ್‌ನಲ್ಲಿ ಗ್ಯಾಪ್ ಹೊಂದಿಸಿದರೆ ಕೆಲಸ ಮುಗಿಯಲೂಬಹುದು. ಗ್ಯಾಪ್ ಅಗತ್ಯಕ್ಕಿಂತ ಬಹಳ ಜಾಸ್ತಿ ಇದ್ದರೆ ವಾಲ್ವ್ ಕಡ್ಡಿ ತಾನು ಜಾರುವ ಕೊಳವೆಯಾದ ಗೈಡ್‌ನಲ್ಲಿ ಸಿಕ್ಕಿಕೊಂಡು ಕೆಳಗೇ ಉಳಿದಿದೆ. ಆಗ ಕಡ್ಡಿ ಗೈಡಿಗೆ ಸೇರುವ ಜಾಗಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ರಾತ್ರಿ ಬಿಟ್ಟು, ಮರುದಿನ ಹ್ಯಾಂಡಲ್‌ನಲ್ಲಿ ತಿರುಗಿಸುತ್ತಾ ಸ್ವಲ್ಪಸ್ವಲ್ಪವೇ ಬಿಡಿಸಿ. ಅವಸರ ಮಾಡಬೇಡಿ. ಎರಡು ಮೂರು ದಿನ ಹಿಡಿದರೂ ಪರವಾಗಿಲ್ಲ.

ಗ್ಯಾಪ್ ಸರಿಯಿದೆ, ವಾಲ್ವೂ ಚೆನ್ನಾಗಿ ಆಡುತ್ತಿದೆ, ಆದರೂ ಕಂಪ್ರೆಷನ್ ಇಲ್ಲ ಅಂದರೆ ಗಾಳಿ ಬಿಟ್ಟು ನೋಡಬೇಕು. ಕಂಪ್ರೆಷನ್ ಮೀಟರ್ ಎಷ್ಟು ಸೋರುತ್ತಿದೆ ಅಂತ ಹೇಳುತ್ತದೆ, ಎಲ್ಲಿಂದ ಅಂತ ಹೇಳುವುದು ಈ ಟೆಸ್ಟ್. ಎಂಜಿನ್ ಬಿಚ್ಚುವ ಮೊದಲು ಇದನ್ನು ಮಾಡಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ಹಳೆ ಪ್ಲಗ್ ತೆಗೆದುಕೊಳ್ಳಿ. ಒಳಗಿನ ಪಿಂಗಾಣಿ ಪೂರ್ತಿ ಒಡೆದು ತೆಗೆಯಿರಿ. ಉಳಿದ ಕಬ್ಬಿಣದ ಚಿಪ್ಪಿಗೆ ಗಾಳಿ ಪೈಪ್ ಸಿಗಿಸುವ ನಿಪ್ಪಲ್ ವೆಲ್ಡ್ ಮಾಡಿಸಿ. ಕುಶಾಲನಗರ, ಗೋಣಿಕೊಪ್ಪದ ಯಾವ ವೆಲ್ಡಿಂಗ್ ಅಂಗಡಿಯವರಿಗೂ ಇದು ಕಷ್ಟದ ಕೆಲಸ ಅಲ್ಲ. ಗಾಳಿಗೆ ಸಣ್ಣ ಕಂಪ್ರೆಸರ್ ಸಾಕು. ಮನೆಯಲ್ಲಿ ಇಲ್ಲದಿದ್ದರೆ ಪಂಕ್ಚರ್ ಅಂಗಡಿಯವರನ್ನು ಕೇಳಿ.

3ನೇ ಪಿಸ್ಟನ್ ಕಂಪ್ರೆಷನ್ ಮುಗಿದು ಪೂರ್ತಿ ಮೇಲೆ ಬಂದ ಜಾಗದಲ್ಲಿರಬೇಕು. ಹುಡುಕುವುದು ಸುಲಭ. 2ನೇ ಸಿಲಿಂಡರಿನ ಎರಡು ರಾಕರ್ ನೋಡಿ. ಎಕ್ಸಾಸ್ಟ್ ಮುಚ್ಚುತ್ತಾ ಬಂದು ಇನ್‌ಲೆಟ್ ತೆರೆಯಲು ಶುರುವಾಗುವ ಗಳಿಗೆಯಲ್ಲಿ 3ನೇದು ಅಲ್ಲಿರುತ್ತದೆ. ಈಗ ಹ್ಯಾಂಡಲ್ ತೆಗೆದು ದೂರ ಇಡಿ. ಇದನ್ನು ಮರೆಯಲೇಬಾರದು. ಪಿಸ್ಟನ್ ಒಂಚೂರು ಆಚೀಚೆ ಇದ್ದರೂ ಗಾಳಿ ಬಿಟ್ಟಾಗ ಎಂಜಿನ್ ರಪ್ ಅಂತ ತಿರುಗುತ್ತದೆ. ಹ್ಯಾಂಡಲ್ ಸಿಕ್ಕಿಸಿಯೇ ಇದ್ದರೆ ಕೈ ಮುರಿಯುತ್ತದೆ. ಫ್ಯಾನಿನ ಹತ್ತಿರವೂ ಯಾರೂ ಕೈ ಇಡಬಾರದು. 30ರಿಂದ 40 ಪಿಎಸ್‌ಐ ಸಾಕು, ಜಾಸ್ತಿ ಬೇಡ.

ಈಗ ಕಿವಿಗೆ ಕೆಲಸ. ತೋಟಕ್ಕೆ ಔಷಧಿ ಹೊಡೆಯುವ ಪೈಪಿನ ಹೊಸ ತುಂಡೊಂದನ್ನು ಕಿವಿಗೆ ಹಿಡಿದು ಇನ್ನೊಂದು ತುದಿಯಿಂದ ಹುಡುಕಿ. ಸೈಲೆನ್ಸರ್ ತುದಿಯಲ್ಲಿ ಸುಯ್ ಅಂತ ಬಂದರೆ ಎಕ್ಸಾಸ್ಟ್ ವಾಲ್ವ್. ಕಾರ್ಬುರೇಟರ್ ಬಾಯಲ್ಲಿ ಬಂದರೆ ಇನ್‌ಲೆಟ್. ಆಯಿಲ್ ಹಾಕುವ ಬಾಯಲ್ಲಿ, ಡಿಪ್‌ಸ್ಟಿಕ್ ತೂತಿನಲ್ಲಿ ಬಂದರೆ ರಿಂಗ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಹೆಡ್ ಬಿರುಕು. ಪಕ್ಕದ ಸಿಲಿಂಡರಿನ ಪ್ಲಗ್ ತೂತಿನಲ್ಲಿ ಬಂದರೂ ಗ್ಯಾಸ್ಕೆಟ್. ಹೊಸ ಎಂಜಿನ್ನಿನಲ್ಲೂ ರಿಂಗ್ ಕಡೆಯಿಂದ ಸ್ವಲ್ಪ ಗಾಳಿ ಹೋಗುತ್ತದೆ, ಅದಕ್ಕೆ ಗಾಬರಿ ಬೇಡ. ವಾಲ್ವ್ ಕಡೆಯಿಂದ ಮಾತ್ರ ಜೋರಾಗಿ ಸದ್ದು ಬರಬಾರದು. ಹೋಲಿಸಿ ನೋಡಲು ಚೆನ್ನಾಗಿರುವ 4ನೇದಕ್ಕೂ ಇದೇ ಟೆಸ್ಟ್ ಮಾಡಿ. ಅದಕ್ಕೆ 1ನೇದರ ರಾಕರ್ ನೋಡಿಕೊಂಡು ಪಿಸ್ಟನ್ ಜಾಗ ಹುಡುಕಬೇಕು.

3ನೇದರಲ್ಲಿ ಸೈಲೆನ್ಸರಿನಿಂದ ಸದ್ದು ಬರುತ್ತದೆ ಅನ್ನುವುದು ನನ್ನ ಅಂದಾಜು. ಬಂದರೆ ಹೆಡ್ ಬಿಚ್ಚುವ ಮೊದಲು ಇನ್ನೊಂದು ಪ್ರಯತ್ನ ಮಾಡಿ. ಕೆಲವು ಸಲ ವಾಲ್ವ್ ಮತ್ತು ಸೀಟಿನ ನಡುವೆ ತುಕ್ಕಿನ ಚಕ್ಕೆ ಅಥವಾ ಕಾರ್ಬನ್ ಚೂರು ಸಿಕ್ಕಿರುತ್ತದೆ, ಅಷ್ಟೇ. ಗಾಳಿ ಒಳಗಿರುವಾಗಲೇ ಆ ವಾಲ್ವಿನ ರಾಕರಿನ ತುದಿಗೆ ಮರದ ತುಂಡಿಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ವಾಲ್ವ್ ಒಂದು ಮಿಮೀ ತೆರೆದು ಟಪ್ ಅಂತ ಮುಚ್ಚಿಕೊಳ್ಳಬೇಕು. ಜೋರಾಗಿ ಹೊಡೆಯಬೇಡಿ, ಪಿಸ್ಟನ್ ಮೇಲೆಯೇ ಇದೆ. ಹತ್ತು ಹದಿನೈದು ಸಲ ಹೀಗೆ ಮಾಡಿದರೆ ಗಾಳಿ ಚೂರನ್ನು ಊದಿ ಹಾಕುತ್ತದೆ. ಸದ್ದು ಕಡಿಮೆಯಾದರೆ ಅದೃಷ್ಟ ನಿಮ್ಮ ಕಡೆ ಇದೆ.

1ನೇ ಸಿಲಿಂಡರಿಗೆ ಬೇರೆ ಔಷಧ. ಡೀಸೆಲ್ ಮತ್ತು ಎಂಜಿನ್ ಆಯಿಲ್ ಅರ್ಧರ್ಧ ಬೆರೆಸಿ ಪ್ಲಗ್ ತೂತಿನಿಂದ 30 ಎಂಎಲ್ ಬಿಡಿ. ದಿನಕ್ಕೊಮ್ಮೆ ಹ್ಯಾಂಡಲ್‌ನಲ್ಲಿ ಅರ್ಧ ಸುತ್ತು ತಿರುಗಿಸುತ್ತಾ ಒಂದು ವಾರ ಬಿಡಿ. 3ನೇದಕ್ಕೂ ಹಾಕಿ. ಅಲ್ಲಿ ವಾಲ್ವ್ ಸೋರಿಕೆ ಎಷ್ಟು ದೊಡ್ಡದಿದೆ ಅಂದರೆ ಅದರ ಹಿಂದೆ ರಿಂಗ್ ತೊಂದರೆ ಇದ್ದರೂ ಈಗ ಗೊತ್ತಾಗುವುದಿಲ್ಲ. ಆಮೇಲೆ ಪ್ಲಗ್ ತೂತಿಗೆ ಬಟ್ಟೆ ಮುಚ್ಚಿ ಸೆಲ್ಫ್ ಹೊಡೆದು ಉಳಿದದ್ದನ್ನು ಹೊರಗೆ ಹಾಕಿಸಿ. ದ್ರವ ಒಳಗಿರುವಾಗ ಪ್ಲಗ್ ಹಾಕಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ತಳಕ್ಕೆ ಇಳಿದ ಡೀಸೆಲ್ ಎಂಜಿನ್ ಆಯಿಲ್ ಜೊತೆ ಬೆರೆತಿರುತ್ತದೆ. ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಇನ್ನೊಮ್ಮೆ ಬದಲಿಸಿ.

ಮೊಬೈಲಿಗೆ ಸಿಗಿಸುವ ಸಣ್ಣ ವೈರ್ ಕ್ಯಾಮೆರಾ ಈಗ ಕಡಿಮೆ ಬೆಲೆಗೆ ಸಿಗುತ್ತದೆ. ಪ್ಲಗ್ ತೂತಿನಿಂದ ಇಳಿಸಿ 1 ಮತ್ತು 3ನೇ ಬೋರಿನ ಗೋಡೆ ನೋಡಿ. ಕಂದು ಬಣ್ಣದ ಕಲೆ ಮಾತ್ರ ಇದ್ದರೆ ರಿಂಗೇ ಅದನ್ನು ಒರೆಸಿ ಹಾಕುತ್ತದೆ. ಗೋಡೆಯಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿದ್ದರೆ ಅದು ಗಂಭೀರ.

ಇಷ್ಟೆಲ್ಲ ಆದ ಮೇಲೂ 3ನೇದು ಏಳದಿದ್ದರೆ ಹೆಡ್ ಬಿಚ್ಚಬೇಕು. ಹೆಡ್ ಮಾತ್ರ. ಎಂಜಿನ್ ಗಾಡಿಯಲ್ಲೇ ಇರಲಿ. ಈ ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಬಿಚ್ಚಿದ ಬೋರ್ ಒಂದೇ ರಾತ್ರಿಗೆ ಕೆಂಪಾಗುತ್ತದೆ. ಯಾವಾಗ ಬಿಚ್ಚಿದರೂ ಬರಿ ಕಬ್ಬಿಣಕ್ಕೆಲ್ಲ ಕೂಡಲೇ ಆಯಿಲ್ ಒರೆಸಿ. ಪುಷ್‌ರಾಡ್‌ಗಳನ್ನು ಇದ್ದ ಕ್ರಮದಲ್ಲೇ ಜೋಡಿಸಿಡಿ, ಅದೇ ಜಾಗಕ್ಕೆ ವಾಪಸ್ ಹೋಗಬೇಕು.

ತುಕ್ಕು ಮೇಲ್ಮೇಲಿದ್ದರೆ ಪೇಸ್ಟ್ ಹಾಕಿ ವಾಲ್ವ್ ಲ್ಯಾಪಿಂಗ್ (ವಾಲ್ವನ್ನು ಸೀಟಿನ ಮೇಲೆ ತಿರುಗಿಸಿ ಉಜ್ಜುವುದು) ಮಾಡಿದರೆ ಸಾಕು. ಸೀಟಿನ ಸುತ್ತ ಎಲ್ಲೂ ತುಂಡಾಗದ ಬೂದು ಬಣ್ಣದ ಉಂಗುರ ಬರಬೇಕು. ಆಮೇಲೆ ವಾಲ್ವ್ ಜೋಡಿಸಿ, ಪೋರ್ಟಿನಲ್ಲಿ (ಹೆಡ್ಡಿನಲ್ಲಿ ವಾಲ್ವಿನ ಹಿಂದಿರುವ ದಾರಿ) ಸೀಮೆಎಣ್ಣೆ ತುಂಬಿ ಹತ್ತು ನಿಮಿಷ ಬಿಡಿ. ಒಂದು ಹನಿಯೂ ಕೆಳಗೆ ಇಳಿಯಬಾರದು. ಗುಳಿ ಆಳವಿದ್ದರೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಸೀಟ್ ಕಟಿಂಗ್‌ಗೆ ಎಂಜಿನ್ ಕೆಲಸ ಮಾಡುವ ಲೇತ್ ಅಂಗಡಿಗೆ ಒಯ್ಯಬೇಕು. ಅಲ್ಲಿಗೆ ಹೋದ ಮೇಲೆ ಎಕ್ಸಾಸ್ಟ್ ಸೀಟುಗಳಿಗೆ ಗಟ್ಟಿ ಲೋಹದ ಹೊಸ ರಿಂಗ್ ಕೂರಿಸುವ ಬಗ್ಗೆಯೂ ಕೇಳಿ. ಈಗಿನ ಪೆಟ್ರೋಲಿಗೆ ಅದು ಒಳ್ಳೆಯದು. ಭಾನುವಾರ ಸಂತೆಗೆ ಹೋಗಿ ಬರುವಷ್ಟು ಓಡಿಸುವುದಾದರೆ ಕಡ್ಡಾಯವೇನಲ್ಲ.

ರೀಬೋರ್ ಬೇಕಾ ಅನ್ನುವ ಪ್ರಶ್ನೆಗೆ ಉತ್ತರ ಸಿಗುವುದು ಹೆಡ್ ಬಿಚ್ಚಿದ ಆ ಹೊತ್ತಿನಲ್ಲಿ. ಬೋರ್ ಗೋಡೆಯ ಮೇಲೆ ಉಗುರು ಎಳೆಯಿರಿ. ಗುಳಿಗೆ ಉಗುರು ಸಿಕ್ಕಿಕೊಳ್ಳುತ್ತದಾ? ಮೇಲ್ತುದಿಯಲ್ಲಿ, ರಿಂಗ್ ನಿಲ್ಲುವ ಜಾಗದ ಮೇಲೆ ದೊಡ್ಡ ಅಂಚು ಎದ್ದಿದೆಯಾ? ಸ್ಟ್ಯಾಂಡರ್ಡ್ ಬೋರ್ 73.025 ಮಿಮೀ. ಬೋರ್ ಗೇಜ್ ಇರುವವರಿಂದ ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ಅಳೆಸಿ. ಪಿಸ್ಟನ್ ತಲೆ ಮೇಲೆ 020, 040 ಅಂತ ಒತ್ತಿದ್ದರೆ ಒಮ್ಮೆ ಆಗಲೇ ರೀಬೋರ್ ಆಗಿದೆ, ಇನ್ನು ಕೊರೆಯಲು ಜಾಸ್ತಿ ಕಬ್ಬಿಣ ಉಳಿದಿಲ್ಲ ಅಂತ ತಿಳಿಯಿರಿ. ಉಗುರು ಸಿಕ್ಕಿಕೊಳ್ಳುವ ಗುಳಿ ಇದ್ದರೆ, ಅಳತೆಯೂ ಮೀರಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ, ಆಗ ಮಾಡಿಸಿ. ಇಲ್ಲದಿದ್ದರೆ ಅಜ್ಜನ ಎಂಜಿನ್ನನ್ನು ಹಾಗೇ ಉಳಿಸಿಕೊಳ್ಳಿ. ಹೊಸ ಗ್ಯಾಸ್ಕೆಟ್ ಹಾಕಿ, ನಡುವಿನಿಂದ ಹೊರಕ್ಕೆ ಹಂತಹಂತವಾಗಿ ನಟ್ ಬಿಗಿದು ಹೆಡ್ ಕೂರಿಸಿ. ಒಮ್ಮೆ ಬಿಸಿಯಾಗಿ ತಣಿದ ಮೇಲೆ ಮತ್ತೆ ಬಿಗಿದು, ಟ್ಯಾಪೆಟ್ ಮತ್ತೊಮ್ಮೆ ನೋಡಿ. ನಟ್ ಬಿಗಿದಾಗ ಗ್ಯಾಪ್ ಬದಲಾಗುತ್ತದೆ.

ಸ್ಟಾರ್ಟ್ ಮಾಡುವಾಗ ಗಾಡಿಯನ್ನು ಶೆಡ್ಡಿನಿಂದ ಕಣಕ್ಕೆ ತಳ್ಳಿ ತನ್ನಿ. ಮುಚ್ಚಿದ ಶೆಡ್ಡಿನಲ್ಲಿ ಸೈಲೆನ್ಸರ್ ಹೊಗೆ ಜೀವ ತೆಗೆಯುತ್ತದೆ. ಮೊದಲು ಪ್ಲಗ್ ಇಲ್ಲದೆ ಸೆಲ್ಫ್ ಹೊಡೆದು ಆಯಿಲ್ ಪ್ರೆಷರ್ ಏರುವುದನ್ನು ನೋಡಿ, ಆಮೇಲೆ ಪ್ಲಗ್ ಹಾಕಿ. ಮೊದಲು ಹೊಗೆ ಜಾಸ್ತಿ ಬರುತ್ತದೆ, ಒಳಗೆ ಬಿಟ್ಟ ಆಯಿಲ್ ಎಲ್ಲ ಉರಿಯಬೇಕಲ್ಲ. ಬ್ರೇಕ್ ಪೂರ್ತಿ ಬಿಚ್ಚಿ, ರಬ್ಬರ್ ಎಲ್ಲ ಹೊಸದು ಹಾಕುವವರೆಗೆ ಗಾಡಿಯನ್ನು ರಸ್ತೆಗೆ ಇಳಿಸಲೇಬೇಡಿ. ನಿಮ್ಮ ಕಡೆ ಎತ್ತ ಹೊರಟರೂ ಇಳಿಜಾರೇ.

ಓಡಲು ಶುರುವಾದ ಮೇಲೆ ಬರಿ ಐಡಲ್‌ನಲ್ಲಿ ಬಿಟ್ಟು ಪ್ರಯೋಜನ ಇಲ್ಲ. ರಿಂಗ್ ಬಿಡಿಸಿಕೊಳ್ಳಲು ಎಂಜಿನ್ನಿಗೆ ಸ್ವಲ್ಪ ಭಾರ ಬೀಳಬೇಕು, ಆದರೆ ಸಂಪಾಜೆ ಘಾಟಿ ಹತ್ತಿಸುವಷ್ಟು ಬೇಡ. ಕುಶಾಲನಗರದ ಕಡೆಯ ಸಮತಟ್ಟು ರಸ್ತೆಯಲ್ಲಿ ಇನ್ನೂರು ಮುನ್ನೂರು ಕಿಲೋಮೀಟರ್ ಹದವಾಗಿ ಓಡಿಸಿ. ಆಮೇಲೆ ಎಂಜಿನ್ ಬಿಸಿಯಿರುವಾಗ, ಮನೆಗೆ ಬಂದು ಮಡಿಕೇರಿಯಲ್ಲೇ ಮತ್ತೆ ಕಂಪ್ರೆಷನ್ ನೋಡಿ. ಕುಶಾಲನಗರ ಕೆಳಗಿದೆ, ಅಲ್ಲಿ ಅಳೆದರೆ ಮೂರು ನಾಲ್ಕು ಪಿಎಸ್‌ಐ ಸುಮ್ನೆ ಜಾಸ್ತಿ ಬರುತ್ತದೆ, ಹೋಲಿಕೆ ತಪ್ಪುತ್ತದೆ. 1ನೇದು ಆಯಿಲ್ ಇಲ್ಲದೆಯೇ 85 ದಾಟಿದ್ದರೆ, ನಾಲ್ಕರ ನಡುವಿನ ವ್ಯತ್ಯಾಸ 15ರೊಳಗೆ ಬಂದಿದ್ದರೆ ಆ ಎಂಜಿನ್ ಇನ್ನೂ ಬಹಳ ವರ್ಷ ಓಡುತ್ತದೆ.

ಮುಂದಿನ ಮಳೆಗಾಲಕ್ಕೆ ನಿಲ್ಲಿಸುವಾಗ ಪ್ರತಿ ಸಿಲಿಂಡರಿಗೆ 5 ಎಂಎಲ್ ಆಯಿಲ್ ಬಿಟ್ಟು ಹ್ಯಾಂಡಲ್‌ನಲ್ಲಿ ಕೆಲವು ಸುತ್ತು ತಿರುಗಿಸಿ. ಸೈಲೆನ್ಸರ್ ತುದಿಗೂ ಕಾರ್ಬುರೇಟರ್ ಬಾಯಿಗೂ ಆಯಿಲ್ ಬಟ್ಟೆ ತುರುಕಿ, ಮೇಲೆ ಪ್ಲಾಸ್ಟಿಕ್ ಕಟ್ಟಿ. ಕಟ್ಟಿದ್ದೇನೆ ಅಂತ ಸ್ಟೀರಿಂಗಿಗೆ ಚೀಟಿ ನೇತುಹಾಕಿ.

ಸದ್ಯಕ್ಕೆ ನನಗೆ ಎರಡು ವಿಷಯ ಬರೆದು ಕಳಿಸಿ. ಆಕ್ಸಿಲರೇಟರ್ ತುಳಿದು, ನಾಲ್ಕೂ ಪ್ಲಗ್ ಬಿಚ್ಚಿ ಮಾಡಿದ ಹೊಸ ರೀಡಿಂಗ್, ಮೊದಲ ಏಟಿನದ್ದೂ ಕೊನೆಯದ್ದೂ. ಮತ್ತೆ 5ನೇ ವಾಲ್ವಿನ ಗ್ಯಾಪ್ ಎಷ್ಟು ಸಿಕ್ಕಿತು ಅನ್ನುವುದು. ಅವೆರಡು ಸಿಕ್ಕರೆ ಹೆಡ್ ಬಿಚ್ಚಬೇಕಾ ಬೇಡವಾ ಅಂತ ಮುಂದಿನ ಉತ್ತರದಲ್ಲಿ ಖಚಿತವಾಗಿ ಹೇಳುತ್ತೇನೆ.